ರಾಜನ ಶಲ್ಯದ ಮಡಿಕೆಗಳು

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪು. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಬಟ್ಟೆಗೆ ಒತ್ತಿ ಒತ್ತಿ ಬಂದ ಕಪ್ಪು. ಊಟಕ್ಕೆ ಕಾಯುತ್ತ ಕೂತಾಗ ಅದನ್ನು ಅಂಗೈಯೊಳಗೆ ಮುಚ್ಚಿಕೊಳ್ಳುತ್ತಿದ್ದರು.

ನಾಟಕ ಕಂಪನಿಯೊಂದರ ವೇಷದ ಅರಿವೆ ಪೆಟ್ಟಿಗೆಗಳು ಅವರ ಜಿಮ್ಮೆ. ಕಂಪನಿ ಬೆಳಗಾವಿಯಿಂದ ಖಾನಾಪುರಕ್ಕೆ ಬಂದಾಗ ನಮ್ಮ ಪಡಸಾಲೆಯಲ್ಲಿ ಇಳಿದಿದ್ದರು. ಊರೂರು ತಿರುಗಿ ದಣಿದ ಮನುಷ್ಯ. ಕೂತಲ್ಲೇ ಗೋಡೆಗೆ ಒರಗುತ್ತಿದ್ದರು. ನಾವು ಕಾಕಾ ಎನ್ನುತ್ತಿದ್ದೆವು.

ಆ ವರ್ಷ ನಾನು ಧಾರವಾಡದಲ್ಲಿ ಬಿ.ಎ.ಗೆ ಕೂತು ಇಂಗ್ಲಿಷಿನಲ್ಲಿ ನಪಾಸಾಗಿ ಬಂದಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಇನ್ನೊಮ್ಮೆ ನಪಾಸಾದರೆ ಓದು ಮುಗಿಯಿತು, ಕಟ್ಟಿಗೆ ಅಡ್ಡೆಯಲ್ಲಿ ಗುಮಾಸ್ತಿಕೆ ಎಂದು ಅಪ್ಪ ಹೇಳಿಯಾಗಿತ್ತು. ನನ್ನನ್ನು ಕೆಡವಿದ್ದು ಒಂದು ದುರಂತ ನಾಟಕ. ಅದರ ಮಾತುಗಳಲ್ಲಿ ಮತ್ತೆ ಮತ್ತೆ ಬರುವ ಪ್ರತಿಮೆಗಳನ್ನು ಕುರಿತು ಕೇಳಿದ್ದರು. ನಾನು ಅದರ ಕಥೆಯನ್ನಷ್ಟೇ ಬರೆದು ಬಂದಿದ್ದೆ. ಸಂಶಯದಿಂದ ಮಗನನ್ನೇ ಕೊಲ್ಲಿಸುವ ರಾಜನ ಆ ನಾಟಕವನ್ನೇ ಕಂಪನಿ ಕನ್ನಡದಲ್ಲಿ ಆಡುತ್ತಿತ್ತು.

ಒಂದು ಬೆಳಗ್ಗೆ ಅವ್ವ, ಮನೆಗೆ ಬಂದವರ ಅರಿವೆ ಹೊಲಸಾಗಿ ಬಿದ್ದಿರಬಾರದೆಂದು, ಗಂಟಿನಲ್ಲಿದ್ದ ರಾಜನ ಶಲ್ಯವನ್ನು ಮಲಪ್ರಭೆಗೆ ಒಯ್ದು, ಅಂಟುವಾಳ ಹಚ್ಚಿ ತಿಕ್ಕಿ ಒಗೆದು ತಂದಳು. ಹಾಲಿನಂತೆ ಹೊಳೆಯುತ್ತಿತ್ತು. ಕಾಕಾ ಅದರ ಅಂಚನ್ನು ತಿರುವಿ ತಿರುವಿ ನೋಡಿದರು.

"ಅಕ್ಕಾರ, ಆರು ತಿಂಗಳ ದುಡಿಮಿ ಹೊಳಿಗೆ ಹೋತಲ್ರಿ."

"ಅಯ್ಯ, ರಾಜಾ ಅಂತ ರಾಜಾ! ಮಸಿ ಅರಿವಿ ಹೊತಕೊಂಡು ನಿಂದರ್ತಾನೇನು?"

"ಈ ರಾಜಾ ಹಂಗ ನಿಂದರಬೇಕ್ರಿ."

ಬೈಯಲಿಲ್ಲ. ನನ್ನ ಕಡೆ ತಿರುಗಿ, "ಬಾರಪಾ ಬಿ.ಎ., ಮಸಿ ಕಲಸು" ಎಂದರು.

ಅಳಿಸಿಹೋದ ಗುರುತುಗಳನ್ನು ಒಂದೊಂದಾಗಿ ಮತ್ತೆ ಹಾಕಿದೆವು. ರಾಜ ಸುಳ್ಳು ಪತ್ರ ಓದಿದ ದೀಪದ ಮಸಿ. ಮಗ ಕಾಲಿಗೆ ಬಿದ್ದು ಬೇಡಿಕೊಂಡಾಗ ಹಿಡಿದ ಅಂಚಿಗೆ ಕೆಮ್ಮಣ್ಣಿನ ಐದು ಬೆರಳು. ಒಣಗಿದ ಮೇಲೆ ಅವೆಲ್ಲ ಒಳಗೆ ಸೇರುವಂತೆ ಮಡಚಿದರು. ಮೊದಲ ಅಂಕದಲ್ಲಿ ಶಲ್ಯ ಅಚ್ಚ ಬಿಳಿ. ಅಂಕಕ್ಕೊಂದು ಮಡಿಕೆ ಬಿಚ್ಚಿ ರಾಜನ ಹೆಗಲಿಗೆ ಹಾಕುವುದು ಅವರ ಪದ್ಧತಿ. ಮಗನ ಹೆಣಕ್ಕೆ ಹೊದಿಸುವಾಗ ಅದು ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು.

"ಆಯಾ ಅಂಕದಾಗ ಮಸಿ ಹಚ್ಚಿದ್ರ ಆಗೂದಿಲ್ಲೇನ್ರಿ ಕಾಕಾ?"

"ಹೊಲಸು ಆಮ್ಯಾಲೆ ಬರೂದಿಲ್ಲೋ ತಮ್ಮಾ. ಮದಲ ಇರತೈತಿ. ಬಿಚ್ಚೂದಷ್ಟ ತಡಾ."

ಅಷ್ಟು ಹೇಳಿ ಗೋಡೆಗೆ ಒರಗಿದರು. ಅಕ್ಷರ ಬಾರದ ಮನುಷ್ಯ.

ಮುಂದಿನ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಅದೇ ಪ್ರಶ್ನೆ ಬಂತು. ಇಂಗ್ಲಿಷ್ ಪುಸ್ತಕದಲ್ಲಿ ಶಲ್ಯವಿಲ್ಲ, ತುಕ್ಕಿನ, ಹೊಗೆಯ ಮಾತುಗಳಿದ್ದವು. ಕೊನೆಯ ಅಂಕದ ಆ ತುಕ್ಕು ಮೊದಲ ಅಂಕದ ಹಬ್ಬದ ಮಾತುಗಳಲ್ಲೇ ಮಡಚಿಟ್ಟಿದೆ ಎಂದು ತೋರಿಸಿ ಬರೆದೆ. ಪಾಸಾದೆ. ಹೆಸರಿನ ಮುಂದೆ ಬಿ.ಎ. ಎಂದು ಬರೆಯುವಾಗ ನನಗೆ ಇಂದಿಗೂ ಹೆಮ್ಮೆಯೇ; ಅದನ್ನೇಕೆ ಮುಚ್ಚಿಡಲಿ.

ಸುದ್ದಿ ಹೇಳಲು ರೈಲು ಹತ್ತಿ ಬೆಳಗಾವಿಗೆ ಹೋದೆ. ಥಿಯೇಟರಿನ ಬಾಗಿಲಲ್ಲಿ ಟಿಕೀಟಿನವನು, "ಕಾಕಾ ಹೋಗಿ ಮೂರು ವಾರ ಆತ್ರಿ. ಜ್ವರಾ" ಎಂದ. ಅಂದೂ ಅದೇ ನಾಟಕವಿತ್ತು. ಒಳಗೆ ಹೋಗಿ ಕೂತೆ.

ಹೊಸಬ ಯಾರೋ ಶಲ್ಯವನ್ನು ಒಗೆಸಿ ಇಟ್ಟಿದ್ದ. ಐದೂ ಅಂಕ ಅದು ಬೆಳ್ಳಗೇ ಇತ್ತು. ರಾಜ ಅದನ್ನು ಮಗನಿಗೆ ಹೊದಿಸಿದ, ಜನ ಅತ್ತರು. ನಾನು ಇನ್ನೂ ಅಂಚಿನ ಐದು ಬೆರಳಿಗಾಗಿ ಕಾಯುತ್ತಿದ್ದೆ.