ಮೊದಲ ಸಾಲಿನ ಟವೆಲ್

ಫ್ರೆಂಡ್ಸ್, ನಂಗಿನ್ನೂ ನಗು ನಿಲ್ತಿಲ್ಲ! ವೈಟ್‌ಫೀಲ್ಡಿನ ನಮ್ಮ ಟೆಕ್ ಪಾರ್ಕಿನ ಫ್ಯಾಷನ್ ಶೋನಲ್ಲಿ ಇವತ್ತು ನನ್ನದೂ ಒಂದು ಪುಟ್ಟ ಭಾಷಣ ಇತ್ತು: ಪ್ಯಾರಿಸ್ ಫ್ಯಾಷನ್ ವೀಕ್ ಬೆಳೆದು ಬಂದ ಕಥೆ. ಜೊತೆಗೆ ಕುಂದಲಹಳ್ಳಿಯ ನಮ್ಮ ಮನೆ ಓನರ್ ಜಯಮ್ಮನವರನ್ನೂ ಕರ್ಕೊಂಡು ಹೋಗಿದ್ದೆ. ಅವರು ಒಳಗೆ ಕಾಲಿಟ್ಟವರೇ, ಬಸ್ಸಲ್ಲಿ ಸೀಟು ಹಿಡಿಯೋ ಥರ, ಮೊದಲ ಸಾಲಿನ ಎರಡು ಕುರ್ಚಿಗೆ ಟವೆಲ್ ಹಾಕ್ಬಿಟ್ರು. ಒಂದು ಅವರಿಗೆ, ಒಂದು ನನಗೆ.

ಶೋ ನಡೆಸ್ತಿದ್ದ ಹುಡುಗಿ ಓಡಿ ಬಂದ್ಲು. "ಮೇಡಂ, ಇದು ರೀಲ್ಸ್ ಮಾಡೋರಿಗೆ ರಿಸರ್ವ್ ಆಗಿದೆ."

"ನಾನೂ ರಿಸರ್ವ್ ಮಾಡಿವ್ನಲ್ಲಮ್ಮ, ಟವೆಲ್ ಕಾಣಕಿಲ್ವಾ?"

ಅಷ್ಟರಲ್ಲಿ ನನ್ನ ಹೆಸರು ಕೂಗಿದ್ರು. ಮೈಕ್ ಹಿಡಿದು ಹೇಳೇಬಿಟ್ಟೆ: "ಪ್ಯಾರಿಸ್‌ನಲ್ಲಿ ಈ ಮೊದಲ ಸಾಲಲ್ಲಿ ಒಂದು ಕಾಲಕ್ಕೆ ಕೂರ್ತಿದ್ದೋರು ಬಟ್ಟೆ ಕೊಳ್ಳೋರು. ಆಮೇಲೆ ಪತ್ರಿಕೆಯೋರು ಬಂದ್ರು, ಸಿನಿಮಾದೋರು ಬಂದ್ರು. ಈಗ ಫೋನ್ ಹಿಡಿದೋರು."

ಜಯಮ್ಮ ಕೂತಲ್ಲಿಂದಲೇ ಕೂಗಿದ್ರು: "ಅಂಗಾದ್ರೆ ಇದು ನನ್ ಜಾಗನೇ! ಸ್ಟೇಜ್ ಮೇಲೆ ಆ ಗೊಂಬೆಗೆ ಉಡಿಸಿರೋ ಹಸಿರು ಸೀರೆ ನಂಗೇ, ಎತ್ತಿಡಿ!"

ಹಾಲ್ ತುಂಬಾ ಚಪ್ಪಾಳೆ, ಶಿಳ್ಳೆ! ನಾನು ಗೆದ್ದೋನ ಥರ ಸ್ಟೇಜ್ ಇಳಿದು ಬಂದೆ. ನೋಡಿದ್ರೆ ನನ್ನ ಕುರ್ಚಿಯ ಟವೆಲ್ ಮೇಲೆ ಶೋ ನಡೆಸ್ತಿದ್ದ ಆ ಹುಡುಗಿ ತನ್ನ ದುಪಟ್ಟಾ ಹಾಕಿ ರಿಸರ್ವ್ ಮಾಡಿದ್ಲು.

ಇತಿಹಾಸ ಹೇಳಿದೋನು ಇಡೀ ಶೋ ನಿಂತ್ಕೊಂಡೇ ನೋಡಿದೆ ಕಣ್ರೀ.