ಕಾಕು ಪಾಲಿಗೆ ಬೇಡಿದ ದಾರಿ

ರೊಟ್ಟಿ ಬಡಿದು ಬಡಿದು ಕಾಕುವಿನ ಬಲ ಅಂಗೈಯ ಗೆರೆಗಳೇ ಅಳಿಸಿಹೋಗಿದ್ದವು. ಮೊಣಕೈವರೆಗೂ ಜೋಳದ ಹಿಟ್ಟು ಮೆತ್ತಿದ ಆ ಕೈ ಬೀಸಿ ಕರೆಯುವುದು ಈಗಲೂ ನನಗೆ ಅರೆನಿದ್ದೆಯಲ್ಲಿ ಕಾಣುತ್ತದೆ.

ಚಿಕ್ಕಮ್ಮನೆಂಬಂತೆ ಕಾಕು ಎಂದು ಕರೆಯುತ್ತಿದ್ದರೂ ಆಕೆ ನಮ್ಮ ಬಳಗವಲ್ಲ, ನಮ್ಮ ಹಿತ್ತಲಿನಾಚೆಯ ಮನೆಯ ವಿಧವೆ. ತೊಂಬತ್ತರ ದಶಕದಲ್ಲಿ ಸಿಂದಗಿ ಊರು ಹೊಲಗಳ ಕಡೆಗೆ ಬೆಳೆಯತೊಡಗಿದಾಗ ಅಪ್ಪ ಹೊಸ ಪ್ಲಾಟಿನಲ್ಲಿ ಮನೆ ಕಟ್ಟಿಸಿದ. ಪ್ಲಾಟು ಹಾಕಿದವರು ದಾರಿಗಳನ್ನೇನೋ ಹಗ್ಗ ಹಿಡಿದು ನೆಟ್ಟಗೆ ಎಳೆದಿದ್ದರು. ಹಳೆಯ ಓಣಿಗಳು ಎಲ್ಲಿ ಬಂದು ಮುಗಿಯುತ್ತವೆಂದು ಮಾತ್ರ ಪುಣ್ಯಾತ್ಮರು ನೋಡಿರಲಿಲ್ಲ. ಎಲ್ಲ ದಾರಿಗಳೂ ಹಳೇ ಊರಿನ ಹಿತ್ತಲ ಗೋಡೆಗೆ ಹೋಗಿ ನಿಲ್ಲುತ್ತಿದ್ದವು. ಗೋಡೆಯಾಚೆಗಿನ ಶಾಲೆಯ ಗಂಟೆ ನಮ್ಮ ಮನೆಗೇ ಕೇಳುತ್ತಿತ್ತು. ಹೋಗಬೇಕೆಂದರೆ ಬಸ್ ಸ್ಟ್ಯಾಂಡ್ ಸುತ್ತಿ, ಲಾರಿಗಳ ನಡುವೆ ನಡೆಯಬೇಕು. "ಹೆಣ್ಣುಡುಗಿ, ಅಷ್ಟು ಸುತ್ತಿ ಹೋಗೂದು ಬ್ಯಾಡ. ಏಳನೇ ಕ್ಲಾಸ್ ಮುಗೀತಲ್ಲ, ಸಾಕು," ಎಂದ ಅಪ್ಪ.

ನಾನು ಹಿತ್ತಲಲ್ಲಿ ಕೂತು ಅತ್ತದ್ದು ಕಾಕುವಿಗೆ ಕೇಳಿಸಿತ್ತು. ಮರುದಿನ ಹಾರೆ ಹಿಡಿದು ತನ್ನ ಹಿತ್ತಲ ಗೋಡೆಯನ್ನು ತಾನೇ ಒಡೆದಳು! "ನನ್ನ ಮಗಳ ಸಾಲಿ ಬಿಡಿಸಿ ಲಗೂನ ಮದುವಿ ಮಾಡಿ ಕುಂತೇನಿ. ಇನ್ನೊಂದು ಹಂಗ ಆಗೂದು ಬ್ಯಾಡ. ಬಾರವ್ವ, ಹಿಂಗ ದಾಟು," ಎಂದಳು.

ಅಂದಿನಿಂದ ಆಕೆಯ ಹಿತ್ತಲೇ ನನ್ನ ದಾರಿ. ಸುತ್ತು ತಪ್ಪಿದ ಮೇಲೆ ಅಪ್ಪನೂ ಬೇಡವೆನ್ನಲಿಲ್ಲ. ಸಾರಿಸಿದ ನೆಲ ಆರುವ ತನಕ ಕಲ್ಲಿನಿಂದ ಕಲ್ಲಿಗೆ ಕಾಲಿಡಬೇಕು. ತಪ್ಪಿದರೆ "ಏ ಎಮ್ಮಿ, ಕಣ್ಣ ಎಲ್ಲಿಟ್ಟಿ?" ಎಂದು ಬೈಗುಳ, ಹಿಂದೆಯೇ ಬಿಸಿ ರೊಟ್ಟಿ, ಶೇಂಗಾ ಚಟ್ನಿ. ಒಲೆಯ ಹೊಗೆ, ಹಸಿ ಸಗಣಿಯ ವಾಸನೆ, ಎಳೆ ಬಿಸಿಲು. ನಿದ್ದೆಗಣ್ಣಲ್ಲಿ ಅವುಗಳೊಳಗೆ ತೇಲಿಕೊಂಡೇ ನಾನು ಶಾಲೆ ಸೇರುತ್ತಿದ್ದೆ. ಬರಬರುತ್ತ ಪ್ಲಾಟಿನ ಹುಡುಗಿಯರೆಲ್ಲ ಅಲ್ಲೇ ದಾಟತೊಡಗಿದರು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಆಕೆಯ ಮೈದುನ ಮನೆಯಲ್ಲಿ ಪಾಲು ಕೇಳಿದ. ನಾವು ದಾಟುವ ಹಿತ್ತಲಿಗೆ ಗೋಡೆ ಎತ್ತಿ ಅಲ್ಲೊಂದು ಅಂಗಡಿ ಹಾಕುವ ಹವಣಿಕೆ ಅವನದು. ಓಣಿಯ ಹಿರಿಯರು ಕೂಡಿದ್ದರು. ನಾನು ಗೋಡೆಯ ಮರೆಯಲ್ಲಿ ನಿಂತು ಕೇಳುತ್ತಿದ್ದೆ.

ಕಾಕು ಸೆರಗು ಸರಿಮಾಡಿಕೊಂಡು, "ಮಲಗೂ ದೊಡ್ಡ ಖೋಲಿ ಅವಗ ಇರ್ಲಿರಿ. ನನ್ನ ಪಾಲಿಗೆ ಈ ದಾರಿ ಹಾಕ್ರಿ," ಎಂದಳು.

"ವೈನಿ, ಹುಚ್ಚು ಹಿಡದೈತೇನು? ದಾರ್ಯಾಗ ಮಲಗ್ತೀರೇನು?" ಎಂದ ಮೈದುನ.

"ಅಡಗಿಮನಿ ಐತಲ್ಲೋ."

ಮಾತು ಮುಗಿಯಿತು. ದಾರಿ ಉಳಿಯಿತು. ನಾನು ಓದಿ ಮುದ್ದೇಬಿಹಾಳದಲ್ಲಿ ಶಿಕ್ಷಕಿಯಾದೆ.

ಪಾಲಾಗಿ ಹತ್ತು ವರ್ಷದ ಮೇಲೆ ಆಕೆ ತೀರಿದ ಸುದ್ದಿ ಕೇಳಿ ಓಡಿ ಬಂದೆ. ಅಷ್ಟು ವರ್ಷ ಹಿತ್ತಲು ದಾಟಿದ್ದೆನೇ ಹೊರತು ಆ ಅಡುಗೆಮನೆಯೊಳಗೆ ಕಾಲಿಟ್ಟಿರಲಿಲ್ಲ. ಒಲೆಗೂ ಗೋಡೆಗೂ ನಡುವೆ ಆಕೆಯ ಕೌದಿ ಇನ್ನೂ ಹಾಸಿತ್ತು, ಎರಡು ಮಡಿಕೆ ಮಾಡಿ. ಕಾಲು ಚಾಚಿ ಮಲಗುವಷ್ಟು ಜಾಗ ಅಲ್ಲಿರಲಿಲ್ಲ. ನಾವು ನಡೆಯಲೆಂದು ನನ್ನ ಕಾಕು ಹತ್ತು ವರ್ಷ ಮುದುಡಿಕೊಂಡೇ ಮಲಗಿದ್ದಳು.