ಎತ್ತು ಅಂದರೆ ಇಳಿಸು

ಬಂದರಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಸನ್ನೆಯಣ್ಣ ಅಂದರೆ ಸಾಕಿತ್ತು. ಕ್ರೇನಿನ ಕೆಳಗೆ ನಿಂತು ‘ಎತ್ತು’, ‘ಇಳಿಸು’, ‘ತಡಿ’ ಎನ್ನುವುದೇ ಇಪ್ಪತ್ತಾರು ವರ್ಷ ಅವನ ಕೆಲಸ. ಮೊದಲು ಕೈಸನ್ನೆ ಮಾಡುತ್ತಿದ್ದ. ಹೊಸ ಕ್ರೇನುಗಳು ಬಂದವು, ಓಡಿಸುವವನ ಗೂಡು ಮೋಡಕ್ಕೆ ತಾಗುವಷ್ಟು ಮೇಲೆ ಹೋಯಿತು, ಕೆಳಗಿನವನ ಕೈ ಯಾರಿಗೂ ಕಾಣದಾಯಿತು. ವಾಕಿಟಾಕಿಯ ಮಾತೇ ಗತಿ.

ತಪ್ಪು ಸನ್ನೆಗೆ ಒಬ್ಬ ಹಮಾಲಿ ಹೊರೆಯಡಿ ಅಪ್ಪಚ್ಚಿಯಾದಾಗ ಬಂದರಿನ ಕೂಲಿಗಳು ನಾವೆಲ್ಲ ಹದಿನೇಳು ದಿನ ಗೇಟಿಗೆ ಅಡ್ಡ ಕೂತೆವು. ‘ಇವನ ಮಾತಿನ ಮೇಲೆ ನನಗೆ ನಂಬಿಕೆಯಿದೆ’ ಎಂದು ಕ್ರೇನು ಓಡಿಸುವವನು ಸಹಿ ಹಾಕದೆ ಯಾರನ್ನೂ ಸನ್ನೆಗೆ ನಿಲ್ಲಿಸಬಾರದು ಎಂಬ ಬೇಡಿಕೆ ಬರೆದವನು ಇವನೇ. ಗೆದ್ದೆವು.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಏಳು ತಿಂಗಳಲ್ಲಿ ಕಾಲು ನೆಟ್ಟಗಾಯಿತು, ಬಾಯಿಯ ಸೊಟ್ಟ ಹೋಯಿತು, ಕೆಲಸಕ್ಕೆ ಹೋಗಬಹುದೆಂದು ಡಾಕ್ಟರು ಚೀಟಿ ಕೊಟ್ಟರು. ಉಳಿದದ್ದು ಆ ಒಂದು ಸಹಿ. ಬಿದ್ದರೆ ಕೆಲಸ, ಇಲ್ಲದಿದ್ದರೆ ಮನೆ. ಕ್ರೇನು ಓಡಿಸುವವನು ಬೇರೆ ಯಾರೂ ಅಲ್ಲ, ಹೆಂಡತಿಯ ತಮ್ಮ. ಒಂದು ಭಾನುವಾರ ಬೆಳಿಗ್ಗೆ ಫಾರಂ ಜೇಬಿನಲ್ಲಿಟ್ಟುಕೊಂಡೇ ಬಂದ.

ಬಂದಾಗ ಅಪ್ಪ ಮಗಳು ಯುದ್ಧದಲ್ಲಿದ್ದರು. ಕಂಪ್ಯೂಟರಿನ ಆಟ: ಹಳೇ ಕಾಲದ ರಾಜರು, ಕೋಟೆ, ಹಾಯಿಹಡಗು. ಸನ್ನೆಯಣ್ಣನ ಬಲಗೈ ಬೆರಳು ಇನ್ನೂ ಮಡಚದು. ಹಾಗಾಗಿ ಅಪ್ಪ ಹೇಳುವುದು, ಮಗಳು ಒತ್ತುವುದು. ಹೀಗೇ ಆರು ದ್ವೀಪ ಗೆದ್ದಿದ್ದರು. ಏಳನೆಯದಕ್ಕೆ ಮೂರು ವಾರದಿಂದ ಹಂಚಿಕೆ ನಡೆದಿತ್ತು. ಏಣಿ ಹೊತ್ತ ಕಾಲಾಳುಗಳ ಹಡಗು ಮುಂದೆ, ಕುದುರೆಗಳದ್ದು ಹಿಂದೆ, ದಡ ಮುಟ್ಟುವ ತನಕ ಒಬ್ಬನೂ ಇಳಿಯಕೂಡದು.

“ಏಳೇ, ಈ ಸಲ ನಾನು ಒತ್ತುತೀನಿ,” ಎಂದ ಭಾವಮೈದ.

“ಬೇಡ ಮಾವ, ನಿಂಗೆ ಬರಲ್ಲ.”

“ನಲವತ್ತು ಟನ್ ಎತ್ತೋನಿಗೆ ಒಂದು ಇಲಿ ಹಿಡಿಯಕ್ಕೆ ಬರಲ್ವಾ?”

ಅವಳು ಮನಸ್ಸಿಲ್ಲದೆ ಎದ್ದಳು.

ಹಡಗುಗಳು ದಡದಿಂದ ಸ್ವಲ್ಪ ದೂರದಲ್ಲಿ ಲಂಗರು ಹಾಕಿದ್ದವು. ಬಂಡೆಯ ಮರೆಯಿಂದ ಶತ್ರುವಿನ ಬೆಂಕಿದೋಣಿಗಳು ಹೊರಟವು. ಸನ್ನೆಯಣ್ಣ ಕುರ್ಚಿಯ ತುದಿಗೆ ಬಂದ. “ಇಳಿಸು! ಬೇಗ ಇಳಿಸು!”

ಭಾವಮೈದ ಇಳಿಸಿದ. ಆಳುದ್ದ ನೀರು. ಕಬ್ಬಿಣದ ಅಂಗಿ ತೊಟ್ಟ ನಾನೂರು ಜನ ಒಬ್ಬರ ಹಿಂದೊಬ್ಬರು ಕಾಲಿಟ್ಟು ಗುಳುಕ್ ಎಂದು ಹೋದರು.

“ಲಂಗರು ಎತ್ತು ಅಂದ್ರೆ ಜನಾನ ಯಾಕೋ ಇಳಿಸ್ದೆ, ಮುಠ್ಠಾಳ!”

“ಇಳಿಸು ಅಂದ್ರಿ ಭಾವ.”

“ಎತ್ತು ಅಂದೆ ಕಣೋ! ಕಿವೀಲಿ ಹತ್ತಿ ಇಟ್ಕೊಂಡಿದೀಯಾ? ನೀನು ಹೇಳೇ, ಏನಂದೆ ನಾನು?”

ಮಗಳು ನೆಲ ನೋಡಿದಳು. “ಇಳಿಸು ಅಂದೆ ಅಪ್ಪ. ಎಷ್ಟೋ ಸಲ ಹಂಗೇ ಅಂತೀಯ. ನಾನೇ ಸರಿ ಮಾಡ್ಕೊಂಡು ಒತ್ತುತಿದ್ದೆ.”

“ಆರು ದ್ವೀಪಾನೂ?”

“ಹೂಂ.”

“ಯಾರು ಕೇಳಿದ್ರು ನಿನ್ನ ಉಪಕಾರ? ಇನ್ಮೇಲೆ ನಾನಂದಿದ್ದೇ ಒತ್ತು. ತಿಳೀತಾ?”

ಭಾವಮೈದ ಫಾರಂ ತೆಗೆದು ತೊಡೆಯ ಮೇಲಿಟ್ಟುಕೊಂಡ. “ಇವಳನ್ನ ಕ್ರೇನ್ ಮೇಲೆ ಕೂರಿಸೋಕಾಗಲ್ಲ ಭಾವ. ಕೆಳಗೆ ಹನ್ನೊಂದು ಜನ ಇರ್ತಾರೆ.”

“ಒಂದು ವಾರ ನೋಡು. ಬರೀ ಖಾಲಿ ಕಂಟೇನರ್ ಡಬ್ಬ ಎತ್ತೋಣ.”

“ಖಾಲಿ ಡಬ್ಬ ಬಿದ್ರೂ ಸಾಯ್ತಾರೆ.”

ಸನ್ನೆಯಣ್ಣನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಯಾರನ್ನು ಬೈಯುವುದು? ಎದುರಿಗಿದ್ದವನು ಮಾಲೀಕನಾಗಿದ್ದರೆ ಗೇಟಿಗೆ ಅಡ್ಡ ಕೂರಬಹುದಿತ್ತು. ತನ್ನ ಬಾಯಿಗೇ ಅಡ್ಡ ಕೂರುವುದು ಹೇಗೆ?

ಭಾವಮೈದ ಸಹಿ ಹಾಕದ ಫಾರಂ ಮೇಜಿನ ಮೇಲಿಟ್ಟು, ಅಕ್ಕ ಕೊಟ್ಟ ಚಹಾ ಮುಟ್ಟದೆ, ಮೆಟ್ಟಿಲಿಳಿದು ಹೋದ.

ಮಗಳು ಪರದೆಯತ್ತ ತಿರುಗಿ ಕೂತಳು. “ಮೊದಲಿಂದ ಶುರು ಮಾಡ್ಲಾ ಅಪ್ಪ?”

ಅವನು ತಲೆಯನ್ನು ಅಡ್ಡಡ್ಡ ಆಡಿಸಿದ. ಬೇಡ ಅನ್ನಲು ಬಾಯಿ ತೆರೆದ.

“ಹೂಂ,” ಅಂದಿತು ಬಾಯಿ.

ಅವಳು ಒತ್ತಿದಳು.